ಗಾಳದ ರೀಲು

ಮೀನು ತಿನ್ನದ ಮನೆಯಲ್ಲಿ ಹುಟ್ಟಿ, ಮೂವತ್ತೈದು ವರ್ಷ ಹುಡುಗರಿಂದ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿ, ಅರವತ್ತು ಸಂದ ಮೇಲೆ ಗಾಳದ ರೀಲಿನ ವಿಷಯವಾಗಿ ಲೇಖನಿ ಹಿಡಿದಿದ್ದೇವೆಂದರೆ ಓದುಗರು ನಗಬಹುದು. ನಮ್ಮ ಮನೆಯವರು ಈಗಾಗಲೇ ನಕ್ಕಾಗಿದೆ. ಆದರೂ ಹೇಳಬೇಕಾದುದೊಂದಿದೆ. ಅದು ಮೀನಿಗಿಂತ ಹೆಚ್ಚಾಗಿ ನಮ್ಮ ಅಜಾಗ್ರತೆಗೆ ಸಂಬಂಧಪಟ್ಟದ್ದು.

ಕಳೆದ ಬೇಸಗೆಯಲ್ಲಿ ನಾವಿಬ್ಬರೂ ಸ್ಕಾಟ್ಲೆಂಡಿನ ಪರ್ತ್ ಎಂಬ ಊರಿನಲ್ಲಿರುವ ಮಗಳ ಮನೆಯಲ್ಲಿ ಐದು ತಿಂಗಳು ಇದ್ದೆವು. ಊರನ್ನು ತಾಗಿಕೊಂಡೇ ಟೇ ನದಿ ಹರಿಯುತ್ತದೆ; ಆ ದೇಶದ ನದಿಗಳಲ್ಲೆಲ್ಲ ಉದ್ದವಾದುದು ಅದೇ. ಜೂನ್ ತಿಂಗಳಲ್ಲಿ ಅಲ್ಲಿ ರಾತ್ರಿ ಹತ್ತು ಗಂಟೆಗೂ ಬೆಳಕಿರುತ್ತದೆ. ಸಾಯಂಸಂಧ್ಯೆಯನ್ನು ಯಾವಾಗ ಮಾಡತಕ್ಕದ್ದೆಂದು ನಾವು ಯೋಚಿಸುತ್ತ ಕುಳಿತಿರುವಾಗ ಅಳಿಯಂದಿರೂ ಹತ್ತು ವರ್ಷದ ಮೊಮ್ಮಗನೂ ಗಾಳದ ಕೋಲು ಹಿಡಿದು ನದಿಗೆ ಹೊರಡುತ್ತಿದ್ದರು. ಹಿಡಿದ ಮೀನನ್ನು ಮತ್ತೆ ನೀರಿಗೇ ಬಿಡುತ್ತಾರೆಂದು ಮಗಳು ಸಮಾಧಾನ ಹೇಳಿದಳು. ಬಿಡುವುದಕ್ಕಾಗಿ ಹಿಡಿಯುವುದೇಕೆಂದು ಕೇಳಿದೆವು. ಆ ಪ್ರಶ್ನೆಗೆ ಉತ್ತರ ಇಂದಿಗೂ ಬಂದಿಲ್ಲ. ಆದರೆ ಆ ದೇಶದವರು ಈ ಆಟಕ್ಕೂ ನೇಮವಿಟ್ಟಿದ್ದಾರೆ. ಭಾನುವಾರ ಸಾಲ್ಮನ್ ಮೀನಿಗೆ ಗಾಳ ಹಾಕುವುದು ಕಾನೂನಿಗೆ ವಿರುದ್ಧ. ನಮ್ಮ ಏಕಾದಶಿಯಂತೆ ಆ ಮೀನಿಗೆ ವಾರಕ್ಕೊಂದು ದಿನ ನೆಮ್ಮದಿಯುಂಟೆಂದು ತಿಳಿದು ನಮಗೆ ಸ್ವಲ್ಪ ಸಂತೋಷವಾಯಿತು.

ಒಂದು ಸಂಜೆ ನಮ್ಮ ಪಾಂಡಿತ್ಯವನ್ನು ತೋರಿಸುವ ಚಪಲವುಂಟಾಯಿತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವೇ ಇದೆಯೆಂದೂ, ಮೀನಿನ ಜಾತಿಗಳು, ಅವುಗಳಿಗೆ ಹಾಕುವ ಆಹಾರ, ದಾರ, ಕೋಲು ಇವನ್ನೆಲ್ಲ ದೊರೆಯು ವರ್ಣಿಸಿರುವನೆಂದೂ ವಿಸ್ತಾರವಾಗಿ ಹೇಳಿದೆವು. ಹುಡುಗನು ಬಾಯಿ ಬಿಟ್ಟುಕೊಂಡು ಕೇಳಿ, “ತಾತ, ನಿಮಗೆ ಇಷ್ಟೆಲ್ಲ ಗೊತ್ತು. ನನ್ನ ರೀಲನ್ನು ನೀವೇ ಆರಿಸಿಕೊಡಿ” ಎಂದನು. ಅವನ ಹುಟ್ಟಿದ ಹಬ್ಬ ಹತ್ತಿರವಿದ್ದಿತು. ಒಪ್ಪಿಕೊಳ್ಳದೆ ಗತ್ಯಂತರವಿರಲಿಲ್ಲ.

ಅಂಗಡಿಯ ಮುದುಕನು ಬಹಳ ತಾಳ್ಮೆಯವನು. ನೊಣದ ಗಾಳವೆಂಬುದು ನಮ್ಮ ಕೆರೆಗಳಲ್ಲಿ ಹುಡುಗರು ಎರೆಹುಳು ಸಿಕ್ಕಿಸಿ ಬಿಡುವ ಗಾಳದಂಥದಲ್ಲ. ಗರಿ, ಕೂದಲು, ನೂಲುಗಳಿಂದ ಕೊಕ್ಕೆಗೆ ಕಟ್ಟಿದ ಹುಸಿನೊಣ ಅದರ ತುದಿಯಲ್ಲಿರುತ್ತದೆ. ಅದಕ್ಕೆ ಭಾರವಿಲ್ಲವಾದುದರಿಂದ ಭಾರವನ್ನು ದಾರಕ್ಕೇ ಕೊಟ್ಟಿದ್ದಾರೆ. ಎಸೆಯುವುದು ದಾರವನ್ನು, ನೊಣವು ಅದನ್ನು ಹಿಂಬಾಲಿಸುತ್ತದೆ. ದಾರಗಳಿಗೆ ತೂಕಕ್ಕೆ ತಕ್ಕಂತೆ ಅಂಕೆಗಳಿವೆ. 6 ಅಂಕೆಯ ದಾರದ ಮೊದಲ 30 ಅಡಿ ಸುಮಾರು 10.4 ಗ್ರಾಂ ತೂಗುತ್ತದೆ. ಕೋಲು, ದಾರ, ರೀಲು ಮೂರೂ ಒಂದೇ ಅಂಕೆಗೆ ಹೊಂದಬೇಕು. ವಿಶೇಷ್ಯಕ್ಕೆ ತಕ್ಕ ಲಿಂಗ ವಚನ ವಿಭಕ್ತಿಗಳು ವಿಶೇಷಣಕ್ಕೂ ಬರುವಂತೆ ಎಂದು ನಾವು ಕೂಡಲೇ ಅರ್ಥಮಾಡಿಕೊಂಡೆವು.

ರೀಲಿನಲ್ಲಿ ಮೊದಲು ತೆಳುವಾದ ಆಧಾರದ ದಾರವನ್ನು ಸುತ್ತಿ, ಅದರ ಮೇಲೆ ಭಾರದ ದಾರವನ್ನು ಸುತ್ತುತ್ತಾರೆ, ಎರಡಕ್ಕೂ ಸ್ಥಳವಿರಬೇಕು. ಒಳಗಾಲಿಯ ನಡುಭಾಗವು ದಪ್ಪವಾಗಿದ್ದರೆ ದಾರವು ಬೇಗ ಸುತ್ತಿಕೊಳ್ಳುತ್ತದೆ, ಮುರುಟಿಕೊಳ್ಳುವುದೂ ಕಡಮೆ. ಒಳಗಾಲಿಗೂ ಹೊರಚೌಕಟ್ಟಿಗೂ ನಡುವೆ ದಾರ ನುಸುಳುವಷ್ಟು ಸಂದಿರಬಾರದು. ಎಲ್ಲಕ್ಕಿಂತ ಮುಖ್ಯವಾದದ್ದು ತಡೆ. ಮೀನು ಓಡಿದಾಗ ದಾರವು ಹಿಡಿತಕ್ಕೊಳಪಟ್ಟು ಬಿಡುತ್ತಿರಬೇಕು. ಸಡಿಲವಾದರೆ ಗೋಜಾಗುತ್ತದೆ, ಬಿಗಿಯಾದರೆ ಹರಿಯುತ್ತದೆ. ಹಳೆಯ ರೀಲುಗಳಲ್ಲಿ ಹಲ್ಲುಚಕ್ರಕ್ಕೆ ಪುಟ್ಟ ನಾಲಗೆಯೊಂದು ತಾಗಿ ಕಿರ್ರೆಂದು ತಡೆಯುತ್ತದೆ. ಹೊಸವುಗಳಲ್ಲಿ ಬಿಲ್ಲೆಗಳು ಒಂದನ್ನೊಂದು ಒತ್ತಿ ತಡೆಯುತ್ತವೆ. ಇಂಗ್ಲೆಂಡಿನ ಹಾರ್ಡಿ ಸಹೋದರರು 1891 ರಲ್ಲಿ ಮೊದಲು ಹೊರತಂದ ‘ಪರ್ಫೆಕ್ಟ್’ ಎಂಬ ರೀಲಿನ ಹಳೆಯ ಪ್ರತಿಯೊಂದನ್ನು ಮುದುಕನು ಗಾಜಿನ ಪೆಟ್ಟಿಗೆಯಿಂದ ತೆಗೆದು ತೋರಿಸಿದನು. ಬೆಲೆಯನ್ನು ಕೇಳಿ ನಾವು ಕನ್ನಡಕವನ್ನು ಒರೆಸಿಕೊಂಡೆವು. ಕಡೆಗೆ ಬಿಲ್ಲೆಯ ತಡೆಯುಳ್ಳ ಸಾಧಾರಣವಾದ ಅಲ್ಯೂಮಿನಿಯಮ್ ರೀಲೊಂದನ್ನು ಕೊಂಡೆವು. “ಇದರ ತಡೆಗೆ ನೀರು ಹೋಗದಂತೆ ಮುಚ್ಚಳವಿಲ್ಲ. ಒಣಗಿಸಿ ಇಡಿ” ಎಂದು ಮುದುಕನು ಎರಡು ಸಲ ಹೇಳಿದನು. ರೀಲನ್ನು ನೋಡಿಕೊಳ್ಳುವ ಭಾರ ತಾತನದೆಂದು ನಾವು ಹೆಮ್ಮೆಯಿಂದ ಮಾತು ಕೊಟ್ಟೆವು.

ಜುಲೈ ತಿಂಗಳಲ್ಲಿ ಒಂದು ಶನಿವಾರ ಎಲ್ಲರೂ ಕಡಲ ತೀರಕ್ಕೆ ಹೋದೆವು. ಬಂಗಡೆಯ ಜಾತಿಯ ಮೀನಿಗೆಂದು ಹುಡುಗನು ಗಾಳ ಎಸೆದನು. ಒಂದೂ ಸಿಕ್ಕಲಿಲ್ಲ; ಮಳೆ ಮಾತ್ರ ಬಂದಿತು. ಮನೆಗೆ ಬಂದವರು ರೀಲನ್ನು ಒದ್ದೆಯಾಗಿಯೇ ಚೀಲಕ್ಕೆ ಹಾಕಿ, ತಡೆಯ ತಿರುಪನ್ನು ಭದ್ರವಾಗಿರಲೆಂದು ಪೂರ್ತಿ ಬಿಗಿದು, ಬೀರುವಿನಲ್ಲಿಟ್ಟೆವು. ಹಾಗೆ ಮೂರು ವಾರ ಕಳೆಯಿತು.

ಅನಂತರ ನದಿಗೆ ಹೋದ ದಿನ ಹುಡುಗನು ರೀಲನ್ನು ತಿರುಗಿಸಿ, “ಸ್ವಲ್ಪ ಗಟ್ಟಿಯಾಗಿದೆ ತಾತ” ಎಂದನು. “ಹೊಸದಲ್ಲವೇನಪ್ಪ, ಹಾಗೆಯೇ ಇರುತ್ತದೆ” ಎಂದೆವು. ಗೊತ್ತಿಲ್ಲದುದನ್ನು ಗೊತ್ತಿರುವಂತೆ ಹೇಳುವುದು ಉಪಾಧ್ಯಾಯರ ಹಳೆಯ ರೋಗ. ಸ್ವಲ್ಪ ಹೊತ್ತಿನಲ್ಲಿಯೇ ಒಳ್ಳೆಯ ಟ್ರೌಟ್ ಮೀನೊಂದು ಕಚ್ಚಿ ಹೊಳೆಯ ನಡುವಿಗೆ ಓಡಿತು. ರೀಲು ತಿರುಗಲೇ ಇಲ್ಲ. ಕೋಲು ಬಗ್ಗಿತು, ತುದಿಯ ದಾರ ಪಟ್ಟನೆ ಹರಿಯಿತು. ಹುಡುಗನು ನೀರನ್ನೇ ನೋಡುತ್ತ ನಿಂತಿದ್ದು, “ತಾತ, ಕೊಕ್ಕೆ ಅದರ ಬಾಯಲ್ಲೇ ಉಳಿದುಹೋಯಿತಲ್ಲವೆ?” ಎಂದು ಮೆಲ್ಲನೆ ಕೇಳಿದನು. ಮೀನು ತಪ್ಪಿತೆಂದು ಅವನು ಅಳಲಿಲ್ಲ. ಅದಕ್ಕಾಗಿಯೇ ನಮಗೆ ತಲೆಯೆತ್ತಲಾಗಲಿಲ್ಲ. ಅಹಿಂಸೆಯ ಮಾತನ್ನಾಡಿ ಅವರನ್ನು ಆಕ್ಷೇಪಿಸಿದವರು ನಾವು. ಆ ದಿನದ ಹಿಂಸೆಗೆ ಕಾರಣರೂ ನಾವೇ.

ಮನೆಯಲ್ಲಿ ಒಳಗಾಲಿಯನ್ನು ಬಿಚ್ಚಿ ನೋಡಿದರೆ ಬಿಲ್ಲೆಗಳ ಸುತ್ತ ಉಪ್ಪು ತಿಂದ ಅಲ್ಯೂಮಿನಿಯಮ್ಮಿನ ಬಿಳಿಯ ಹುಡಿ. ಮಾರನೆಯ ದಿನ ಮುದುಕನ ಅಂಗಡಿಗೆ ಹೋಗಿ ತಪ್ಪೊಪ್ಪಿಕೊಂಡೆವು. ಅವನು ಬಯ್ಯಲಿಲ್ಲ, ಬಿಚ್ಚಿ, ತೊಳೆದು, ಸವೆದ ಬಿಲ್ಲೆಯನ್ನು ಬದಲಾಯಿಸಿ, ನಮ್ಮ ಕೈಯಿಂದಲೇ ಜೋಡಿಸಿಸಿದನು. ಅಂದು ಕಲಿತ ಪಾಠವಿದು: ಕಡಲಿಗೆ ಹೋಗಿಬಂದ ದಿನವೇ ರೀಲನ್ನು ಸಿಹಿನೀರಿನಲ್ಲಿ ತೊಳೆಯತಕ್ಕದ್ದು. ರಭಸದ ನೀರು ಬಿಟ್ಟರೆ ಮರಳು ಒಳಗೆ ಹೋಗುತ್ತದೆ, ಆದಕಾರಣ ಮೆಲ್ಲಗೆ ತೊಳೆಯಬೇಕು. ಒಳಗಾಲಿಯನ್ನು ತೆಗೆದು ಮೆತ್ತನೆಯ ಬಟ್ಟೆಯಿಂದ ಒರೆಸಿ, ನೆರಳಿನಲ್ಲಿ ಆರಿಸಿ, ಕದಿರಿಗೆ ಒಂದೇ ತೊಟ್ಟು ಎಣ್ಣೆ ಬಿಡಬೇಕು. ಹೆಚ್ಚಾದರೆ ಧೂಳು ಅಂಟುತ್ತದೆ. ದಾರವನ್ನು ಸಾಬೂನಿನ ತಿಳಿನೀರಿನಿಂದ ಒರೆಸಬೇಕು. ಸೊಳ್ಳೆಗೆ ಹಚ್ಚಿಕೊಳ್ಳುವ ಔಷಧಿಯ ಕೈಯಿಂದ ಅದನ್ನು ಮುಟ್ಟಬಾರದು. ಒದ್ದೆಯ ಚೀಲದಲ್ಲಿ ರೀಲನ್ನು ಇಡಕೂಡದು. ಎತ್ತಿಡುವ ಮುನ್ನ ತಡೆಯನ್ನು ಪೂರ್ತಿ ಸಡಿಲಿಸಬೇಕು. ಸದಾ ಒತ್ತಿದ್ದರೆ ಬಿಲ್ಲೆಯ ಗುಣ ಕೆಡುತ್ತದೆ. ಈ ಕೊನೆಯ ಮಾತನ್ನು ಮೂವತ್ತೈದು ವರ್ಷದ ಹಿಂದೆ ಯಾರಾದರೂ ನಮಗೆ ಹೇಳಿದ್ದರೆ ನಮ್ಮ ತರಗತಿಯ ಎಷ್ಟೋ ಹುಡುಗರಿಗೆ ಉಪಕಾರವಾಗುತ್ತಿತ್ತು.

ಹೆಚ್ಚು ಹೊತ್ತು ಬಳಲಿಸಿದ ಮೀನು ಬಿಟ್ಟ ಮೇಲೂ ಸಾಯಬಹುದೆಂದೂ, ತಡೆಯು ನಯವಾಗಿದ್ದರೆ ಅದನ್ನು ಬೇಗ ದಡಕ್ಕೆ ತಂದು ಬಿಡಬಹುದೆಂದೂ ಮುದುಕನು ಹೇಳಿದನು. ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕುಳದಿಂದ ಒತ್ತಿ ಮಟ್ಟಮಾಡುವುದನ್ನೂ ತೋರಿಸಿಕೊಟ್ಟನು. ಅಂಥ ಕೊಕ್ಕೆ ಬಾಯಲ್ಲಿ ಉಳಿದರೂ ಸುಲಭವಾಗಿ ಕಳಚಿಕೊಳ್ಳುತ್ತದೆಯಂತೆ. ಆ ಸಂಜೆ ಹುಡುಗನೂ ನಾವೂ ಕುಳಿತು ಅವನ ಡಬ್ಬಿಯಲ್ಲಿದ್ದ ನೊಣಗಳ ಮುಳ್ಳನ್ನೆಲ್ಲ ಒತ್ತಿದೆವು. ಇಪ್ಪತ್ತಮೂರು ನೊಣಗಳಿದ್ದವು.

ಈ ಆಟವು ಯುಕ್ತವೋ ಅಯುಕ್ತವೋ ಎಂಬ ಸಂದೇಹ ನಮಗೆ ಇನ್ನೂ ತೀರಿಲ್ಲ. ಆದರೆ ಆಡುವವನ ಕೈಯಲ್ಲಿರುವ ಸಾಧನ ಕೆಟ್ಟಿರಬಾರದೆಂಬುದರಲ್ಲಿ ಸಂದೇಹವಿಲ್ಲ. ಈಗ ಪ್ರತಿ ಭಾನುವಾರ ಹುಡುಗನು ದೂರವಾಣಿಯಲ್ಲಿ ಮಾತನಾಡುತ್ತಾನೆ. ಮೀನು ಸಿಕ್ಕಿತೆ ಎಂದು ನಾವು ಕೇಳುವುದಿಲ್ಲ. “ಒರೆಸಿದೆಯಾ? ಸಡಿಲಿಸಿದೆಯಾ?” ಎನ್ನುತ್ತೇವೆ. “ಆಯಿತು ತಾತ” ಎನ್ನುತ್ತಾನೆ. ಹೋದ ವಾರ ಅವನು, “ನಿಮ್ಮ ಬಾವಿಯ ರಾಟೆಗೆ ಎಣ್ಣೆ ಹಾಕಿದಿರಾ?” ಎಂದು ಕೇಳಿದನು. ಹಾಕಿರಲಿಲ್ಲ. ಆ ಮಧ್ಯಾಹ್ನವೇ ಹಾಕಿದೆವು.