ಮೇಷ್ಟ್ರಿಗೆ 45 ಡಿಗ್ರಿಯ ಪಾಠ

ಬೆಳಿಗ್ಗೆ ಆರೂವರೆಗೆ ಪಕ್ಕದ ರಸ್ತೆಯ ಆಟೊ ಹೊರಟಿತೆಂದರೆ ನಾನು ಕಾಫಿ ಲೋಟ ಕೆಳಗಿಟ್ಟು ಸ್ನಾನಕ್ಕೆ ಏಳುತ್ತೇನೆ. ಅಂಜನಾಪುರದಲ್ಲಿ ಹಲವು ವರ್ಷಗಳಿಂದ ನನ್ನ ಗಡಿಯಾರ ಅದೇ. ಗ್ಯಾಸಿನಲ್ಲಿ ಓಡುವ ಆ ಆಟೊದ ಎಂಜಿನ್ನಿಗೆ ತಲೆಯಲ್ಲಿ ಸಣ್ಣಗೆ 'ಟಿಕ್ ಟಿಕ್' ಎನ್ನುವ ಸದ್ದಿತ್ತು. ಕಳೆದ ವರ್ಷ ಆ ಸದ್ದು ಮೆಲ್ಲಗೆ ಅಡಗಿತು. "ಗಾಡಿ ಹೂವಿನಂಗೆ ಓಡ್ತಾ ಐತೆ ಮೇಷ್ಟ್ರೇ" ಎಂದು ಮಾಲೀಕರು ಹಿಗ್ಗಿದರು. ವಿಜ್ಞಾನದ ಮೇಷ್ಟ್ರಾದ ನಾನೂ ತಲೆಯಾಡಿಸಿದೆ.

ತಿಂಗಳು ಕಳೆಯುವುದರೊಳಗೆ ಗಾಡಿ ಏರಿನಲ್ಲಿ ಎಳೆಯದಾಯಿತು. ಆಮೇಲೆ ಬೆಳಿಗ್ಗೆ ಸ್ಟಾರ್ಟ್ ಆಗುವುದನ್ನೇ ನಿಲ್ಲಿಸಿತು. ಹತ್ತನೆಯ ತರಗತಿಯಲ್ಲಿ ನನ್ನ ವಿದ್ಯಾರ್ಥಿಯಾಗಿದ್ದ ಅವರ ಮಗನೂ ಶಾಲೆಗೆ ಬರುವುದನ್ನು ನಿಲ್ಲಿಸಿದ. ಗಾಡಿ ನಿಂತರೂ ಸಾಲದ ಕಂತು ನಿಲ್ಲುವುದಿಲ್ಲವಲ್ಲ! ನಾಲ್ಕನೆಯ ದಿನ ವಿಚಾರಿಸಿದಾಗ, "ಎಸ್ಸೆಸ್ಸೆಲ್ಸಿ ಮುಗಿಸಿದ್ರೆ ಎಷ್ಟು, ಬಿಟ್ರೆ ಎಷ್ಟು? ಗ್ಯಾರೇಜಿಗೆ ಹಾಕ್ತೀನಿ, ಕೈಕಸುಬು ಕಲೀಲಿ" ಎಂಬ ಉತ್ತರ ಬಂತು. ಹುಡುಗನನ್ನು ಕರೆತರಲೆಂದು ಸಂಜೆ ಗ್ಯಾರೇಜಿಗೆ ನಾನೇ ಹೋದೆ.

ಅಲ್ಲಿ ಎಂಜಿನ್ನಿನ ಹೆಡ್ ಇಳಿಸಿ ಮರದ ಹಲಗೆಯ ಮೇಲೆ ಬೋರಲು ಹಾಕಿದ್ದರು. ನನಗೆ ವಾಲ್ವುಗಳ ಪರಿಚಯ ಅಷ್ಟಕ್ಕಷ್ಟೆ. ನಾನು ಓಡಿಸಿದ್ದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ. 1961ರಲ್ಲಿ ಬೈಕು ಮಾಡಲು ಆರಂಭಿಸಿ 1996ರಲ್ಲಿ ಮುಚ್ಚಿದ ಆ ಕಾರ್ಖಾನೆಯ ಬೈಕುಗಳೆಲ್ಲ ಎರಡು ಸ್ಟ್ರೋಕಿನವು. ಅವುಗಳಲ್ಲಿ ಪಿಸ್ಟನ್ನೇ ಕಿಂಡಿಗಳನ್ನು ಮುಚ್ಚಿ ತೆರೆಯುತ್ತದೆ. ಹಳೆಯ ಎರಡು ಸ್ಟ್ರೋಕಿನ ಆಟೊಗಳೂ ಹಾಗೆಯೇ. ನಾಲ್ಕು ಸ್ಟ್ರೋಕಿನ ಎಂಜಿನ್ನಿಗೆ ಮಾತ್ರ ಗಾಳಿ ಒಳಬರಲು ಒಂದು, ಹೊಗೆ ಹೊರಹೋಗಲು ಒಂದು ಬಾಗಿಲು ಬೇಕು.

ಮೆಕ್ಯಾನಿಕ್ ಎರಡು ವಾಲ್ವುಗಳನ್ನು ನನ್ನ ಅಂಗೈ ಮೇಲಿಟ್ಟರು. ಒಳಬಾಗಿಲಿನದು ದೊಡ್ಡದು, ಹೊರಗಿನ ಗಾಳಿಯನ್ನು ಒಳಕ್ಕೆ ತಳ್ಳಲು ಇರುವುದು ವಾತಾವರಣದ ಒತ್ತಡವೊಂದೇ. ಹೊರಬಾಗಿಲಿನದು ಚಿಕ್ಕದು, ಹೊಗೆ ತನ್ನ ಒತ್ತಡದಿಂದಲೇ ನುಗ್ಗುತ್ತದೆ, ಪಿಸ್ಟನ್ನೂ ಹಿಂದಿನಿಂದ ದೂಡುತ್ತದೆ. ಹಲಗೆಯ ಮೇಲೆ ಬೇರೆ ಗಾಡಿಗಳ ವಾಲ್ವುಗಳೂ ಬಿದ್ದಿದ್ದವು. ಕೆಲವು ಅಣಬೆಯಂತೆ ಚಪ್ಪಟೆ, ಕೆಲವು ಉಮ್ಮತ್ತಿ ಹೂವಿನಂತೆ ಕತ್ತಿನಿಂದ ಮೆಲ್ಲಗೆ ಅರಳಿದವು. ಅರಳಿದ್ದು ಗಟ್ಟಿ, ಆದರೆ ಭಾರ. ಭಾರ ಹೆಚ್ಚಿದರೆ ಅದನ್ನು ಹಿಂದಕ್ಕೆ ಎಳೆಯುವ ಸ್ಪ್ರಿಂಗೂ ಬಲವಾಗಿರಬೇಕು.

ನಮ್ಮ ಆಟೊದ ಹೊರವಾಲ್ವಿನ ಅಂಚು ಒಂದು ಕಡೆ ಇಲಿ ಕಚ್ಚಿದಂತೆ ಸುಟ್ಟಿತ್ತು. "ಗ್ಯಾಸು ಒಣ ಇಂಧನ ಸಾರ್. ಹೊಡೆದೂ ಹೊಡೆದೂ ಸೀಟು ಸವೀತದೆ, ವಾಲ್ವು ಮೇಲಕ್ಕೆ ಹೂತ್ಕೊಳ್ತದೆ. ಟ್ಯಾಪೆಟ್ಟಿನ ಸಂದು ಮುಚ್ಚೋಗ್ತದೆ. ಅದಕ್ಕೇ ಸದ್ದಿಲ್ಲ!" ಎಂದರು ಮೆಕ್ಯಾನಿಕ್. ಸಂದು ಮುಚ್ಚಿದ ಮೇಲೆ ವಾಲ್ವು ಪೂರ್ತಿ ಕೂರಲಾರದು. ಹೊರವಾಲ್ವಿನ ಶಾಖದಲ್ಲಿ ಮುಕ್ಕಾಲು ಪಾಲು ಸೀಟಿನ ಮೂಲಕವೇ ಹೆಡ್ಡಿಗೆ ಇಳಿಯಬೇಕು. ಕೂರದ ವಾಲ್ವು ಸುಡದೆ ಇನ್ನೇನು ಮಾಡೀತು? ಪೆಟ್ರೋಲ್ ಗಾಡಿಗಳಲ್ಲಿ ಹಿಂದೆ ಇಂಧನದೊಳಗಿನ ಸೀಸ ಸೀಟಿಗೆ ಲೇಪದಂತೆ ರಕ್ಷಣೆ ಕೊಡುತ್ತಿತ್ತು. ವಿಷಕಾರಿಯೆಂದು 2000ದ ಫೆಬ್ರುವರಿಯಿಂದ ದೇಶದಲ್ಲೆಲ್ಲ ಅದನ್ನು ಕೈಬಿಟ್ಟರು. ಈಗ ಗಟ್ಟಿ ಲೋಹದ ಸೀಟೇ ಗತಿ.

ಹೊಸ ಸೀಟನ್ನು 45 ಡಿಗ್ರಿಗೆ ಕೊಯ್ಯುವುದಾಗಿ ಅವರು ಹೇಳಿದಾಗ ನನ್ನ ಮೇಷ್ಟ್ರುತನ ಜಾಗೃತವಾಯಿತು. ಹುಡುಗನ ನೋಟ್‌ಬುಕ್ಕಿನಲ್ಲೇ ಲೆಕ್ಕ ಹಾಕಿ ತೋರಿಸಿದೆ. ವಾಲ್ವು 1 ಮಿಲಿಮೀಟರ್ ಎದ್ದಾಗ ಗಾಳಿಗೆ ಸಿಗುವ ಸಂದು ಆ ಕೋನದ ಕೊಸೈನಿನಷ್ಟು. 45 ಡಿಗ್ರಿಯಲ್ಲಿ 0.71 ಮಿಲಿಮೀಟರ್, 30 ಡಿಗ್ರಿಯಲ್ಲಿ 0.87. "30 ಡಿಗ್ರಿಗೇ ಕೊಯ್ಯಿರಿ, ಗಾಡಿ ಚೆನ್ನಾಗಿ ಉಸಿರಾಡುತ್ತದೆ" ಎಂದು ತೀರ್ಪು ಕೊಟ್ಟೆ.

ಮೆಕ್ಯಾನಿಕ್ ನಗಲಿಲ್ಲ. ಹೊಸ ವಾಲ್ವನ್ನು ಎತ್ತಿ ಅದರ ಅಂಚು ತೋರಿಸಿದರು. "ನಿಮ್ಮ ಲೆಕ್ಕ ಸರಿ ಸಾರ್. ಆದ್ರೆ ಈ ವಾಲ್ವಿನ ಮುಖ 45ಕ್ಕೆ ಬಂದದೆ. ಸೀಟೊಂದೇ 30 ಮಾಡಿದ್ರೆ ಒಂದು ಗೆರೆ ಮಾತ್ರ ಮುಟ್ತದೆ. ಬಿಸಿ ಎಲ್ಲಿಂದ ಇಳೀಬೇಕು? ಮೂರು ತಿಂಗಳಿಗೆ ಇವರು ಮತ್ತೆ ಇಲ್ಲೇ ಬಂದು ನಿಲ್ತಾರೆ." ಬಾಗಿಲು ತೆರೆಯುವುದನ್ನಷ್ಟೇ ನಾನು ಲೆಕ್ಕ ಹಾಕಿದ್ದೆ, ಮುಚ್ಚುವುದನ್ನು ಮರೆತಿದ್ದೆ. ನನ್ನ ಮಾತು ಕೇಳಿದ್ದರೆ ಆ ಮನೆಯ ಅನ್ನಕ್ಕೇ ಕಲ್ಲು ಬೀಳುತ್ತಿತ್ತು.

ರಾತ್ರಿ ಮನೆಯಲ್ಲಿ ಉಳಿದರ್ಧ ಲೆಕ್ಕ ಮಾಡಿದೆ. ಘರ್ಷಣೆ ಬಿಟ್ಟು ನೋಡಿದರೆ, ಸ್ಪ್ರಿಂಗಿನ ಅದೇ ಬಲ 45 ಡಿಗ್ರಿಯ ಸೀಟನ್ನು 1.41 ಪಾಲು ಒತ್ತುತ್ತದೆ, 30 ಡಿಗ್ರಿಯದನ್ನು 1.15 ಪಾಲು. ಕಡಿದಾದ ಸೀಟು ಬೆಣೆಯಂತೆ ಬಿಗಿಯಾಗಿ ಕೂರುತ್ತದೆ, ವಾಲ್ವನ್ನು ತಾನೇ ನಡುವಿಗೆ ತರುತ್ತದೆ. ಮಟ್ಟಸವಾದ ಸೀಟು ಕಡಿಮೆ ಉಜ್ಜುತ್ತದೆ, ಕಡಿಮೆ ಸವೆಯುತ್ತದೆ. ಆದ್ದರಿಂದಲೇ ಗ್ಯಾಸಿನ ದೊಡ್ಡ ಎಂಜಿನ್ನುಗಳಲ್ಲಿ 30 ಡಿಗ್ರಿಯನ್ನೂ ಬಳಸುವುದುಂಟು. ಆದರೆ ಅಲ್ಲಿ ವಾಲ್ವು, ಸೀಟು ಎರಡೂ ಅದಕ್ಕೆಂದೇ ತಯಾರಾಗಿರುತ್ತವೆ. ಎಲ್ಲ ಕಡೆಗೂ ನೂರಕ್ಕೆ ನೂರು ಅಂಕ ಪಡೆಯುವ ಕೋನ ಯಾವುದೂ ಇಲ್ಲ.

ಮರುದಿನ ಗ್ಯಾರೇಜಿನಲ್ಲಿ ಹುಡುಗ ಪೇಸ್ಟ್ ಹಚ್ಚಿ ವಾಲ್ವು ತಿರುಗಿಸುತ್ತಿದ್ದ. ಸೀಟಿನ ಸುತ್ತ ಬೂದುಬಣ್ಣದ ಸಮನಾದ ಉಂಗುರ ಮೂಡಿತ್ತು. ನನ್ನ ಪೂರ್ತಿ ಲೆಕ್ಕ ನೋಡಿ ಮೆಕ್ಯಾನಿಕ್ ಹುಡುಗನ ತಂದೆಗೆ ಹೇಳಿದರು: "ಹೇಗೆ ಮಾಡಬೇಕು ಅಂತ ನನ್ನ ಕೈಗೆ ಗೊತ್ತು. ಯಾಕೆ ಅಂತ ಬರೆದು ತೋರಿಸೋಕೆ ಬರಲ್ಲ. ಇವನಿಗೆ ಎರಡೂ ಬರ್ಲಿ. ಶಾಲೆ ಬಿಡಿಸಬೇಡಿ ಅಣ್ಣಾ, ಭಾನುವಾರ ಕಳಿಸಿ ಸಾಕು." ನಾನು ಗಂಟೆಗಟ್ಟಲೆ ಹೇಳಿದ್ದರೂ ಆಗದಿದ್ದ ಕೆಲಸ ಆ ಮಾತಿನಿಂದ ಆಯಿತು.

ಹುಡುಗ ಪರೀಕ್ಷೆ ಬರೆದು ಪಾಸಾದ. ಈಗ ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿದ್ದಾನೆ. ಪಿಯುಸಿ ವಿಜ್ಞಾನವೇ ಮೇಲು ಎಂದು ಎಲ್ಲರಿಗೂ ಒಂದೇ ಸಲಹೆ ಕೊಡುತ್ತಿದ್ದ ನಾನು, ಈಗ ಮೊದಲು ಹುಡುಗನನ್ನು ನೋಡುತ್ತೇನೆ, ಆಮೇಲೆ ಬಾಯಿ ತೆರೆಯುತ್ತೇನೆ.

ಆ ಸುಟ್ಟ ವಾಲ್ವು ನನ್ನ ಮೇಜಿನ ಮೇಲಿದೆ. ಬೆಳಿಗ್ಗೆ ಆರೂವರೆಗೆ ಪಕ್ಕದ ರಸ್ತೆಯಿಂದ 'ಟಿಕ್ ಟಿಕ್' ಮತ್ತೆ ಕೇಳುತ್ತದೆ. ನಾನು ಕಾಫಿ ಲೋಟ ಕೆಳಗಿಡುತ್ತೇನೆ.