ಹನ್ನೆರಡು ಐವತ್ತೊಂಬತ್ತಕ್ಕೆ ಕಮ್ಮನಹಳ್ಳಿಯಲ್ಲಿ

"ಒಂದು ಗಂಟೆಯೊಳಗೆ ಬಾ, ಆಮೇಲೆ ಬಂದರೆ ಏನೂ ಇರಲ್ಲ" ಎಂದಿದ್ದರು ದೊಡ್ಡಪ್ಪ. ಶಿವಾಜಿನಗರದಲ್ಲಿ ಬಸ್ಸು ಹತ್ತಿ ಲಿಂಗರಾಜಪುರದ ಮೇಲ್ಸೇತುವೆ ಬರುವಷ್ಟರಲ್ಲೇ ಹನ್ನೆರಡು ಹೊಡೆದಿತ್ತು. ಕಮ್ಮನಹಳ್ಳಿ ಮುಖ್ಯರಸ್ತೆಯಲ್ಲಿ ಇಳಿದು ಜನಜಂಗುಳಿಯ ನಡುವೆ ಅರ್ಧ ನಡೆದೆ, ಅರ್ಧ ಓಡಿದೆ.

ದೊಡ್ಡಪ್ಪನ ನಡುಮನೆಯ ಗೂಡಿನಲ್ಲಿ ಒಂದು ಗಡಿಯಾರ. ಮುಳ್ಳಿಲ್ಲ, ಅಂಕಿಯ ಮುಖವಿಲ್ಲ. ಒಂದರ ಕೆಳಗೊಂದು ಮೂರು ಮರದ ತೋಳುಗಳು, ಗೋಲಿ ಗಾತ್ರದ ಉಕ್ಕಿನ ಗುಂಡುಗಳು. ನಿಮಿಷಕ್ಕೊಂದು ಗುಂಡನ್ನು ಯಂತ್ರದ ಕೈ ಮೇಲೆತ್ತಿ ಬಿಡುತ್ತದೆ. ಮೇಲಿನ ತೋಳು ನಾಲ್ಕನ್ನು ಹೊರುತ್ತದೆ. ಐದನೆಯದು ಬಿದ್ದೊಡನೆ ವಾಲುತ್ತದೆ. ಒಂದು ಗುಂಡು ಐದು ನಿಮಿಷದ ಲೆಕ್ಕವಾಗಿ ನಡುವಿನ ತೋಳಿಗೆ, ಉಳಿದ ನಾಲ್ಕು ತಳದ ಓಣಿಗೆ. ನಡುವಿನದು ಹನ್ನೊಂದನ್ನು ಹೊತ್ತು ಹನ್ನೆರಡನೆಯದಕ್ಕೆ ಮಣಿದು, ಗಂಟೆಯ ತೋಳಿಗೆ ಒಂದನ್ನು ಕಳಿಸುತ್ತದೆ.

ಅಮೆರಿಕದ ಹಾರ್ಲಿ ಮೇಯೆನ್‌ಶೈನ್ 1970ರ ದಶಕದಲ್ಲಿ ಕಂಡುಹಿಡಿದ ಬಗೆಯಿದು. ದೊಡ್ಡಪ್ಪ ಅಲ್ಲಿಂದ ತಂದಾಗ ಗಂಟೆಗೆ ಹತ್ತು ನಿಮಿಷ ಹಿಂದೆ ಬೀಳುತ್ತಿತ್ತಂತೆ. ಅಲ್ಲಿನ ವಿದ್ಯುತ್ತು 60 ಹರ್ಟ್ಸ್, ನಮ್ಮದು 50. ಮೋಟಾರು ಅಷ್ಟೇ ನಿಧಾನ. ಎಸ್.ಪಿ. ರಸ್ತೆಯಲ್ಲಿ ಹುಡುಕಿ ಬೇರೆ ಮೋಟಾರು ಹಾಕಿದರು.

ಅಂದು ಮೇಲಿನ ತೋಳು ನಾಲ್ಕಕ್ಕೇ ವಾಲುತ್ತಿತ್ತು. "ನೀನೇ ಸರಿಮಾಡು ಮಗಾ" ಎಂದು ಒಂದು ಸಣ್ಣ ವಾಷರ್ ಕೊಟ್ಟರು. ಕೀಲಿನ ಹಿಂದುಗಡೆ ಮೇಣದಿಂದ ಅಂಟಿಸಿದೆ. ಭಾರ ಹೆಚ್ಚಾಯಿತು, ಐದಕ್ಕೂ ಜಗ್ಗಲಿಲ್ಲ. ಅಕ್ಕಿಕಾಳಿನಷ್ಟು ಕೀಲಿನತ್ತ ಸರಿಸಿದೆ. ನಾಲ್ಕು: ನಿಂತಿತು. ಐದು: ತೋಳು ತುಸು ನಡುಗಿ, ಗುಂಡುಗಳು ವಾಲಿದತ್ತಲೇ ಉರುಳಿ ಭಾರ ಇನ್ನೂ ಕೂಡಿ, ಒಮ್ಮೆಗೇ ಬಗ್ಗಿತು! ಬರಿದಾದೊಡನೆ ವಾಷರಿನ ಭಾರಕ್ಕೆ ತಾನೇ ಮೇಲೆದ್ದಿತು. ಊರ ಬಾವಿಯ ಏತ ಕಣ್ಣಿಗೆ ಕಟ್ಟಿತು.

1206ರಲ್ಲಿ ಮುಗಿದ ತನ್ನ ಗ್ರಂಥದಲ್ಲಿ ಯಂತ್ರಜ್ಞ ಅಲ್ ಜಝರಿ ಆನೆಯ ಗಡಿಯಾರವೊಂದನ್ನು ಬಣ್ಣಿಸಿದ್ದಾನೆ. ಗಿಡುಗದ ಕೊಕ್ಕಿನಿಂದ ಉದುರಿದ ಗುಂಡು ಹಾವಿನ ಬಾಯಿಗೆ ಬೀಳುತ್ತದೆ. ಆ ಭಾರಕ್ಕೆ ಹಾವು ಬಾಗಿ ಗುಂಡನ್ನು ಕೆಳಗಿಟ್ಟು ಮತ್ತೆ ಹೆಡೆಯೆತ್ತುತ್ತದೆ. ಎಂಟು ನೂರು ವರ್ಷದ ಹಿಂದಿನ ಇದೇ ತೋಳು! ಆ ಆನೆಯ ಹೊಟ್ಟೆಯೊಳಗಿನ ನೀರಲ್ಲಿ ಕಾಲ ಅಳೆಯುವುದು ತೂತಿನ ಬಟ್ಟಲು, ನಮ್ಮ ಮದುವೆಮನೆಯ ಗಳಿಗೆ ಬಟ್ಟಲಿನ ಒಡಹುಟ್ಟು. ನನಗಂತೂ ಮೈ ಜುಮ್ಮೆಂದಿತು.

ದೊಡ್ಡಪ್ಪ ಗುಂಡುಗಳನ್ನು ಕೈಯಿಂದಲೇ ಸಮಯಕ್ಕೆ ಜೋಡಿಸಿದರು. ಹನ್ನೆರಡು ಐವತ್ತೊಂಬತ್ತು: ಮೇಲೆ ನಾಲ್ಕು, ನಡುವೆ ಹನ್ನೊಂದು, ಕೆಳಗೆ ಅಂಟಿಸಿಟ್ಟ ಒಂದರ ಜೊತೆಗೆ ಹನ್ನೊಂದು. ಅಡುಗೆಮನೆಯಿಂದ ದೊಡ್ಡಮ್ಮನೂ ಬಂದು ನಿಂತರು. ಯಂತ್ರದ ಕೈ ಮೇಲೇರಿ ಒಂದೇ ಒಂದು ಗುಂಡನ್ನು ಬಿಟ್ಟಿತು. ಮೇಲಿನ ತೋಳು ಬಗ್ಗಿತು, ಅದರ ಗುಂಡಿಗೆ ನಡುವಿನದು, ಅದರದಕ್ಕೆ ಕೆಳಗಿನದು. ಮನೆಯೆಲ್ಲ ಗಡಗಡ ಸದ್ದು. ಇಪ್ಪತ್ತೇಳು ಗುಂಡುಗಳೂ ತಳ ಸೇರಿದವು. ಗಂಟೆಯ ಸಾಲಿನಲ್ಲಿ ಆ ಅಂಟಿಸಿಟ್ಟ ಒಂದೇ ಗುಂಡು ಉಳಿಯಿತು.

ಈ ಗಡಿಯಾರ ಹೀಗೆ ಪೂರ್ತಿ ಬರಿದಾಗುವುದು ದಿನಕ್ಕೆ ಎರಡೇ ಸಲ, ಮಧ್ಯಾಹ್ನ ಒಂದಕ್ಕೆ ಮತ್ತು ರಾತ್ರಿ ಒಂದಕ್ಕೆ.