ಕಾಪುವಿನ ಪಿಲಿಕೋಲ

ಉಡುಪಿಯಿಂದ ದಕ್ಷಿಣಾಭಿಮುಖವಾಗಿ ಎಂಟು ಮೈಲಿಗಳಷ್ಟು ಸಾಗಿದರೆ ಕಾಪು ದೊರೆಯುವುದು. ಯಾತ್ರಿಕರು ಬಹುಮಟ್ಟಿಗೆ ಕಡಲಬಂಡೆಯ ಮೇಲೆ ೧೯೦೧ರಲ್ಲಿ ಕಟ್ಟಿದ ದೀಪಸ್ತಂಭವನ್ನು ಕಂಡು, ಮಾರಿಯಮ್ಮನ ಗುಡಿಗಳಲ್ಲಿ ಕೈಮುಗಿದು ಹಿಂದಿರುಗುವರು. ಆದರೆ ಎರಡು ವರ್ಷಗಳಿಗೊಮ್ಮೆ ಇಲ್ಲಿ ನಡೆಯುವ ಪಿಲಿಕೋಲವನ್ನು ನೋಡಿದವನು ಮಿಕ್ಕುದೆಲ್ಲವನ್ನೂ ಮರೆತಾನು, ಅದೊಂದನ್ನು ಮರೆಯಲಾರನು. ತುಳುವಿನಲ್ಲಿ ಪಿಲಿ ಎಂದರೆ ಹುಲಿ.

ಮೈತುಂಬ ಪಟ್ಟೆ ಬರೆದ ಪಾತ್ರಿಯು ತೆಂಗಿನ ಗರಿಗಳ ಮರೆಯಿಂದ ಹೊರಕ್ಕೆ ನೆಗೆದೊಡನೆ ನೆರೆದ ಜನವೆಲ್ಲ ದಿಕ್ಕುಗೆಟ್ಟು ಓಡುವುದು. ಹುಲಿ ಬೆನ್ನಟ್ಟುವುದು. ಅದು ಯಾರನ್ನು ಮುಟ್ಟುವುದೋ ಅವನು ಮುಂದಿನ ಕೋಲವನ್ನು ಕಾಣನೆಂದು ನಂಬಿಕೆ. ಈ ನಂಬಿಕೆಯನ್ನು ಕಂಡು ನಗುವ ಬುದ್ಧಿವಂತರುಂಟು. ಹುಲಿ ಹತ್ತಿರ ಬಂದಾಗ ಅವರೂ ನಿಂತಲ್ಲಿ ನಿಲ್ಲರು. ನಾನಂತೂ ನಿಲ್ಲಲಾರೆ.

ಉಡುಪಿಯಲ್ಲಿ ಕೃಷ್ಣಾಷ್ಟಮಿಗೆ ಬರುವ ಹುಲಿವೇಷಕ್ಕೂ ಇಂಥದೇ ಪಟ್ಟೆಗಳು. ಅಲ್ಲಿ ಮಕ್ಕಳು ಹುಲಿಯ ಹಿಂದೆ ಓಡುವರು. ಇಲ್ಲಿ ಹುಲಿ ದೊಡ್ಡವರ ಹಿಂದೆ ಓಡುವುದು. ಎಂಟು ಮೈಲಿಗಳ ಅಂತರದಲ್ಲಿ ಒಂದು ವಿನೋದ, ಒಂದು ಮೃತ್ಯು! ಘಟ್ಟದ ಕಾಡು ಕಾರ್ಕಳದ ಪೂರ್ವಕ್ಕೆ ಇಂದಿಗೂ ದಟ್ಟವಾಗಿದೆ. ೧೯೮೭ರಲ್ಲಿ ಅದರ ಒಂದು ಭಾಗ ಕುದುರೆಮುಖ ರಾಷ್ಟ್ರೀಯೋದ್ಯಾನವಾಯಿತು. ಹಟ್ಟಿಯ ಹಸುವನ್ನೊಯ್ಯುವ ಹುಲಿ, ಗದ್ದೆಯನ್ನು ಕೆಡಿಸುವ ಹಂದಿ ಇವೆರಡಕ್ಕೂ ಅಂಜಿದ ಒಕ್ಕಲಿಗನು ಒಂದನ್ನು ಪಿಲಿಚಾಮುಂಡಿಯೆಂದೂ ಇನ್ನೊಂದನ್ನು ಪಂಜುರ್ಲಿಯೆಂದೂ ಪೂಜಿಸಿದನೆಂದು ನನ್ನ ಊಹೆ.

ತಂಜಾವೂರಿನ ಅರಮನೆಯ ಸಂಸ್ಕೃತ ಗ್ರಂಥಗಳಿಗೆ ಸೂಚಿಯನ್ನು ರಚಿಸಿದ ಬರ್ನೆಲ್ ಪಂಡಿತನ ತುಳುನಾಡಿನ ಬರಹಗಳು ೧೮೯೪ರಿಂದ ಅಚ್ಚಾದಾಗ, ಈ ಆರಾಧನೆಗೆ ‘ಪಿಶಾಚಪೂಜೆ’ಯೆಂಬ ಅರ್ಥದ ಶಿರೋನಾಮೆಯೇ ದೊರೆಯಿತು. ‘ಭೂ’ ಧಾತುವಿಗೆ ಕ್ತ ಪ್ರತ್ಯಯ ಸೇರಿ ‘ಭೂತ’ವಾದುದು ಅವನಿಗೆ ತಿಳಿಯದಿದ್ದೀತೆ? ಇದ್ದು ಹೋದದ್ದು ಎಂಬುದಷ್ಟೇ ಅದರ ಅರ್ಥ. ಪೈಶಾಚಿಕವಾದುದು ಏನೂ ಇಲ್ಲ. ಜಪಾನಿನ ಓಗಾ ಸೀಮೆಯಲ್ಲಿಯೂ ವರ್ಷಾಂತ್ಯದ ರಾತ್ರಿ ನಾಮಾಹಗೆಯೆಂಬ ಘೋರರೂಪಿಯು ಅಬ್ಬರಿಸುತ್ತ ಮನೆಹೊಕ್ಕು ಸೋಮಾರಿಗಳನ್ನು ಬೆದರಿಸುವುದುಂಟು. ಆ ಜನರು ಅದನ್ನು ಅತಿಥಿದೇವತೆಯೆಂದು ಉಪಚರಿಸಿ ಕಳುಹುವರು.

ಆದರೆ ಕಾಪುವಿನ ಭಯದಲ್ಲಿ ಜಪಾನಿನವರಿಗೆ ತಿಳಿಯದ ಒಂದು ಸಂಗತಿಯುಂಟು. ತುಳುನಾಡಿನಲ್ಲಿ ದೈವಗಳಿಗೆ ವೇಷ ಕಟ್ಟುವವರು ತಲೆತಲಾಂತರದಿಂದ ಪಂಬದ, ಪರವ, ನಲಿಕೆ ಮೊದಲಾದ ಜನರು. ಇವರ ಮೈ ಸೋಂಕಿದರೆ ಮೈಲಿಗೆಯೆಂದು ಮೇಲ್ಜಾತಿಯವರು ದೂರ ಸರಿಯುತ್ತಿದ್ದ ಕಾಲವೊಂದಿತ್ತು. ವೇಷ ಕಟ್ಟಿದ ಮೇಲಾದರೋ ಅದೇ ಮೇಲ್ಜಾತಿಯ ಗುತ್ತಿನ ಯಜಮಾನನು ಅವರೆದುರು ಕೈಮುಗಿದು ನುಡಿ ಕೇಳಬೇಕು. ಕಾಪುವಿನಲ್ಲಿ ಓಡಲೂ ಬೇಕು. ದೂರ ಸರಿಯುವ ಹೆಜ್ಜೆಗಳು ಅವೇ, ಸರಿಯುವ ಕಾರಣ ಮಾತ್ರ ಬೇರೆ. ಹುಲಿಯು ಜಾತಿಯನ್ನು ಕೇಳಿ ಮುಟ್ಟುವುದಿಲ್ಲ.

ನೋಡಹೋಗುವ ವಾಚಕರು ಪಂಚೆಯನ್ನು ಬಿಗಿಯಾಗಿ ಕಟ್ಟಿಕೊಂಡು ಹೋಗುವುದು ಲೇಸು. ವಯಸ್ಸಾದವರೂ ಮಕ್ಕಳೊಂದಿಗರೂ ಮೊದಲೇ ಯಾವುದಾದರೊಂದು ಮನೆಯ ಮಹಡಿಯನ್ನು ಹತ್ತಿ ನಿಲ್ಲತಕ್ಕದ್ದು.